ಮಳೆ ಸೀಮೆಯ ಬಟ್ಟೆಬರೆ

ಮಲೆನಾಡಿನ ಮಳೆಗೆ ಹತ್ತಿ ಬಟ್ಟೆ ಆಗಿಬರುವುದಿಲ್ಲ. ನಮ್ಮ ಮೂಡಿಗೆರೆ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜುಲೈನಲ್ಲಿ ಒಗೆದು ಹಾಕಿದ ಪಂಚೆ ಒಣಗುವ ಮೊದಲೇ ಮುಗ್ಗಲು ವಾಸನೆ ಬರುತ್ತದೆ. ಇನ್ನೂ ಸ್ವಲ್ಪ ದಿನ ಬಿಟ್ಟರೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಆದರೂ ಬಟ್ಟೆಯ ಇತಿಹಾಸ ಓದಲು ಕೂತರೆ ಸಿಗುವುದೆಲ್ಲ ಹತ್ತಿ ಮತ್ತು ರೇಷ್ಮೆಯ ಕತೆ. ಢಾಕಾದ ಮಸ್ಲಿನ್, ಚೀನಾದ ರೇಷ್ಮೆ, ಮೈಸೂರಿನ ಜರಿ ಸೀರೆ. ಕಂಬಳಿಗೆ ಅಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಗೋಣಿಗೆ ಅದೂ ಇಲ್ಲ. ನಮ್ಮ ಜನ ಮಾತ್ರ ವರ್ಷದಲ್ಲಿ ನಾಲ್ಕು ತಿಂಗಳು ಈ ಎರಡರ ಅಡಿಯಲ್ಲೇ ಬದುಕಿದ್ದಾರೆ.

ಕೊಪ್ಪೆ ನೋಡದವರಿಗಾಗಿ ಹೇಳುತ್ತೇನೆ. ಉದ್ದನೆಯ ಕರಿ ಕಂಬಳಿಯ ಒಂದು ತುದಿಯನ್ನು ಮಡಚಿ, ಮೂಲೆಯನ್ನು ಒಳಕ್ಕೆ ಸೇರಿಸಿ ತಲೆಗೆ ಸಿಕ್ಕಿಸಿಕೊಳ್ಳುವುದು. ಉಳಿದದ್ದು ಬೆನ್ನ ಮೇಲೆ ಇಳಿಬೀಳುತ್ತದೆ. ಹೊಲಿಗೆ ಇಲ್ಲ, ಗುಂಡಿ ಇಲ್ಲ, ಎರಡೂ ಕೈ ಕೆಲಸಕ್ಕೆ ಖಾಲಿ. ಸಂಜೆ ಬಿಚ್ಚಿದರೆ ಮತ್ತೆ ಕಂಬಳಿಯೇ. ಒಲೆ ಮುಂದೆ ಹರವಿ ಒಣಗಿಸಿದರೆ ರಾತ್ರಿಗೆ ಹೊದಿಕೆ, ನೆಂಟರು ಬಂದರೆ ಹಾಸುಗೆ. ನಾಟಿ ಗದ್ದೆಯಲ್ಲಿ ದಿನವಿಡೀ ಬಗ್ಗಿರುವ ಹೆಂಗಸರಿಗೆ ಕಂಬಳಿ ಭಾರವಾಗುತ್ತಿತ್ತು. ಅವರಿಗೆ ಗೊರಬು. ಬಿದಿರಿನ ಸೀಳುಗಳ ನಡುವೆ ಎಲೆ ಒತ್ತಿ ಹೆಣೆದದ್ದು, ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುತ್ತಿತ್ತು. ಅದನ್ನು ಬಟ್ಟೆ ಅನ್ನಬಹುದೋ ಇಲ್ಲವೋ, ಮೈಗೆ ಹಾಕಿಕೊಳ್ಳುತ್ತಿದ್ದದ್ದಂತೂ ನಿಜ.

ವಿಚಿತ್ರ ಏನೆಂದರೆ, ಈ ಕಂಬಳಿ ಮಲೆನಾಡಿನಲ್ಲಿ ಹುಟ್ಟಿದ್ದಲ್ಲ. ಕೆಸರು ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ, ಅದಕ್ಕೆ ಒಣ ಸೀಮೆಯೇ ಆಗಬೇಕು. ಕಡೂರಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ 3,500 ದಾಟುತ್ತದೆ. ಹಾಗಾಗಿ ಕಡೂರು, ಅರಸೀಕೆರೆ, ಇನ್ನೂ ಆಚೆ ಚಳ್ಳಕೆರೆ ಕಡೆಯ ಕುರುಬರು ಕುರಿ ಸಾಕಿ, ಉಣ್ಣೆ ಕತ್ತರಿಸಿ, ನೂತು, ನೇಯ್ದು, ಮಳೆ ಹಿಡಿಯುವ ಮುಂಚೆ ನಮ್ಮ ಕಡೆ ಹೊತ್ತು ತರುತ್ತಿದ್ದರು. ಬಯಲು ಸೀಮೆಯವರು ಮಾಡಿದ್ದನ್ನು ಮಳೆ ಸೀಮೆಯವರು ಹೊದ್ದರು.

ನಾನು ಚಿಕ್ಕವನಿದ್ದಾಗ ಮೇ ತಿಂಗಳಲ್ಲಿ ಕಂಬಳಿ ಮಾರುವವರೊಬ್ಬರು ಹೆಗಲ ಮೇಲೆ ಹೊರೆ ಹೊತ್ತು ತೋಟದ ದಾರಿಯಲ್ಲಿ ಬರುತ್ತಿದ್ದರು. ಅಜ್ಜಿ ಕಂಬಳಿಯನ್ನು ಕೆನ್ನೆಗೆ ಉಜ್ಜಿ ನೋಡಿ, "ಏನಯ್ಯಾ, ಇಷ್ಟು ಚುಚ್ತದಲ್ಲ ಇದು" ಅನ್ನುತ್ತಿದ್ದರು. ಅವರು ನಗುತ್ತಾ, "ಚುಚ್ಚೋದೇ ಕಂಬಳಿ ಅಮ್ಮಾವ್ರೇ. ಚುಚ್ದೇ ಇದ್ರೆ ಅದು ಶಾಲು" ಅನ್ನುತ್ತಿದ್ದರು. ಆಮೇಲೆ ಗಂಟೆಗಟ್ಟಲೆ ಚೌಕಾಸಿ. ಕೊನೆಗೆ ಕಾಫಿ ಕುಡಿದು, ದುಡ್ಡಿನ ಜೊತೆ ಸ್ವಲ್ಪ ಮೆಣಸು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಚುಚ್ಚುವುದಕ್ಕೆ ಕಾರಣ ದಖ್ಖನಿ ಕುರಿಯ ಒರಟು ಉಣ್ಣೆ. ಅದನ್ನು ಹಿಂಜಿ, ನೂತು, ಹಾಸಿನ ಎಳೆಗಳಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಹುಣಸೆಬೀಜದ ಗಂಜಿ ಬಳಿಯುತ್ತಾರೆ. ಗಂಜಿ ಇಲ್ಲದಿದ್ದರೆ ಮಗ್ಗದ ತಿಕ್ಕಾಟಕ್ಕೆ ಎಳೆ ತಡೆಯುವುದಿಲ್ಲ. ನೇಯುವುದು ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು. ಬಣ್ಣದ ಖರ್ಚಿಲ್ಲ, ಕುರಿಯೇ ಕಪ್ಪು. ಹತ್ತಿಗೆ ಬಣ್ಣ ಹಿಡಿಸುವುದು ಅಷ್ಟು ಸುಲಭವಲ್ಲ. ಪಟಿಕ ಬೇಕು, ಒಗರು ಬೇಕು. ಆ ಒಗರಿಗೆ ದೇಶದ ಬಣ್ಣಗಾರರು ಬಳಸುತ್ತಿದ್ದದ್ದು ಅಳಲೆಕಾಯಿ, ಅದು ನಮ್ಮ ಕಾಡಿನಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು. ಬೇರೆ ಊರಿನ ಸೀರೆಯ ಬಣ್ಣ ನಿಲ್ಲಲು ನಮ್ಮ ಕಾಡಿನ ಕಾಯಿ ಹೋಗುತ್ತಿತ್ತು, ನಾವು ಮಾತ್ರ ಕರಿ ಕಂಬಳಿಯಲ್ಲೇ ಇದ್ದೆವು.

ಮಳೆಗೆ ಉಣ್ಣೆಯೇ ಯಾಕೆ? ಸಾಧಾರಣ ಗಾಳಿಯಲ್ಲಿ ಇಟ್ಟರೆ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದುಕೊಳ್ಳುತ್ತದೆ, ಉಣ್ಣೆ ಶೇ. 16ರಷ್ಟು. ಗಾಳಿ ತುಂಬಾ ಒದ್ದೆಯಾದರೆ ಉಣ್ಣೆ ಶೇ. 30ರವರೆಗೂ ಹೋಗುತ್ತದೆ, ಆದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ತೇವವನ್ನು ಎಳೆಯ ಒಳಗೆ ಎಳೆದುಕೊಳ್ಳುವಾಗ ಅದು ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹೊರಗಡೆ ಕುರಿಯ ಮೈಯ ಜಿಡ್ಡು ಉಳಿದಿರುವುದರಿಂದ ಹನಿ ಜಾರುತ್ತದೆ. ಒದ್ದೆ ಹತ್ತಿ ಮೈಗೆ ಅಂಟಿ ಇದ್ದ ಬಿಸಿಯನ್ನೂ ಎಳೆದುಬಿಡುತ್ತದೆ. ದಿನವಿಡೀ ಕಂಬಳಿ ಹೊದ್ದು ದನ ಕಾಯ್ದವರಿಗೆ ಈ ಅಂಕಿ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಕಂಬಳಿಯನ್ನು ಹೊಗಳಲು ಮಾತ್ರ ಅಲ್ಲ. ನನಗೆ ಬಟ್ಟೆಯ ಕತೆಯಲ್ಲಿ ಮುಖ್ಯ ಅನ್ನಿಸುವುದು ಯಾರು ಏನು ಉಟ್ಟರು ಅನ್ನುವುದಕ್ಕಿಂತ, ಉಡಲು ಎಷ್ಟಿತ್ತು ಅನ್ನುವುದು. ನೂರಿನ್ನೂರು ವರ್ಷದ ಹಿಂದಿನವರೆಗೂ ಬಟ್ಟೆ ಅಂದರೆ ದುಬಾರಿ ವಸ್ತು. ಕಾರಣ ಮಗ್ಗ ಅಲ್ಲ, ನೂಲು.

ಒಂದು ಸೀರೆಯ ಲೆಕ್ಕ ಹಾಕೋಣ. ಉದ್ದ 5.5 ಮೀಟರ್, ಅಗಲ 1.2 ಮೀಟರ್. ಸೆಂಟಿಮೀಟರಿಗೆ ಹಾಸಿನಲ್ಲಿ 25 ಎಳೆ, ಅಡ್ಡಕ್ಕೆ ಓಡುವ ಹೊಕ್ಕಿನಲ್ಲಿ 25 ಎಳೆ ಅಂತ ಇಟ್ಟುಕೊಳ್ಳಿ. ಅಗಲಕ್ಕೆ 3,000 ಎಳೆ, ಒಂದೊಂದೂ 5.5 ಮೀಟರ್, ಹಾಸಿಗೇ 16,500 ಮೀಟರ್ ಆಯಿತು. ಹೊಕ್ಕಿಗೂ ಅಷ್ಟೇ. ಒಟ್ಟು 33 ಕಿಲೋಮೀಟರ್ ನೂಲು. ಹಾಸನದಿಂದ ಹಳೇಬೀಡಿಗೆ ಬಸ್ಸಿನಲ್ಲಿ ಹೋಗುವ ದೂರ ಹೆಚ್ಚುಕಡಿಮೆ ಇಷ್ಟೇ. ರಾಟೆಯಲ್ಲಿ ಕೈ ಪಳಗಿದವರು ಗಂಟೆಗೆ 300ರಿಂದ 400 ಮೀಟರ್ ನೂಲಬಹುದು. ಅಂದರೆ ಒಂದು ಸೀರೆಯ ನೂಲಿಗೇ ನೂರು ಗಂಟೆಯ ಹತ್ತಿರ. ಹತ್ತಿ ಬಿಡಿಸಿ, ಬೀಜ ತೆಗೆದು, ಹಿಂಜಿ, ನೂಲಲು ಸುರುಳಿ ಸುತ್ತಿ ಹಂಜಿ ಮಾಡಿದ್ದು ಇದರಲ್ಲಿ ಸೇರಿಲ್ಲ. ನೇಯ್ಗೆ ಇನ್ನೂ ಶುರುವೇ ಆಗಿಲ್ಲ. ಒಬ್ಬ ನೇಕಾರನ ಮಗ್ಗ ನಿಲ್ಲದೆ ಓಡಬೇಕಾದರೆ ನಾಲ್ಕೈದು ಜನ ನೂಲುತ್ತಿರಬೇಕಿತ್ತು. ನೂಲುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮನೆಗೆಲಸದ ನಡುವೆ. ಸೀರೆಗೆ ನೇಕಾರರ ಊರಿನ ಹೆಸರು ಬಂತು. ನೂತವರ ಹೆಸರು ಎಲ್ಲೂ ಇಲ್ಲ.

ಇಂಗ್ಲೆಂಡಿನಲ್ಲಿ ಯಂತ್ರ ಹುಟ್ಟಿದ್ದೂ ಈ ನೂಲಿನ ಕೊರತೆಯಿಂದಲೇ. 1733ರಲ್ಲಿ ಜಾನ್ ಕೇ ಹಾರುವ ಲಾಳಿ ಮಾಡಿದ. ನೇಯ್ಗೆ ಜೋರಾಯಿತು, ನೂಲು ಸಾಲದಾಯಿತು. 1764ರ ಸುಮಾರಿಗೆ ಹಾರ್ಗ್ರೀವ್ಸ್ ಒಂದೇ ಚಕ್ರದಿಂದ ಹಲವು ಎಳೆ ನೂಲುವ ಜೆನ್ನಿ ತಂದ. ಅಲ್ಲಿಂದ ಮುಂದಿನದು ಶಾಲೆಯ ಪಾಠದಲ್ಲೇ ಇದೆ. ಗಿರಣಿಗಳು ಬಂದವು, ನಮ್ಮ ಹತ್ತಿ ಹಡಗು ಹತ್ತಿ ಹೋಗಿ ಬಟ್ಟೆಯಾಗಿ ವಾಪಸ್ ಬಂತು, ನಮ್ಮ ರಾಟೆಗಳು ಅಟ್ಟ ಸೇರಿದವು.

ನೂಲಿಗೆ ಬೆಲೆ ಇದ್ದ ಕಾಲದವರ ಅಭ್ಯಾಸ ನಮ್ಮಜ್ಜಿಯ ಕೈಯಲ್ಲಿ ಕೊನೆಯವರೆಗೂ ಇತ್ತು. ಹಬ್ಬದ ಸೀರೆ ಹಳೆಯದಾದರೆ ದಿನದ ಸೀರೆ. ನಡುವೆ ಸವೆದರೆ ಕತ್ತರಿಸಿ, ಅಂಚು ಇದ್ದ ಎರಡು ಕಡೆಯನ್ನು ಸೇರಿಸಿ ಮತ್ತೆ ಹೊಲಿಗೆ. ಅದೂ ಹರಿದರೆ ಕೂಸಿನ ಜೋಲಿ, ಕೂಸಿನ ಅಡಿಬಟ್ಟೆ. ಮೆತ್ತಗಾದ ತುಂಡು ಕಾಫಿ ಸೋಸಲು. ಸೋಸಿ ಸೋಸಿ ಕಂದಾದ ಮೇಲೆ ಅದೇ ಮಸಿಬಟ್ಟೆ. ಅಜ್ಜನ ಹಳೇ ಪಂಚೆ ದೇವರ ದೀಪಕ್ಕೆ ಬತ್ತಿ. ಬಟ್ಟೆ ಎಸೆಯುವುದು ಅಂತ ಒಂದು ಕೆಲಸ ಆ ಮನೆಯಲ್ಲಿ ಇರಲೇ ಇಲ್ಲ.

ಎರಡನೇ ಮಹಾಯುದ್ಧದ ಸಮಯದಲ್ಲಿ ಬಟ್ಟೆಗೆ ಬರ ಬಂದದ್ದನ್ನು ಅಜ್ಜಿ ಆಗಾಗ ಹೇಳುತ್ತಿದ್ದರು. ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹೋಗುತ್ತಿತ್ತು. 1943ರಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ಬೆಲೆಗೆ ನಿಯಂತ್ರಣ ಹಾಕಿತು. ಹೊರಗೆ ಹೋಗಲು ಒಪ್ಪವಾದ ಸೀರೆ ಮನೆಗೆ ಒಂದೇ. ಅತ್ತಿಗೆ ಸಂತೆಗೆ ಹೋದರೆ ನಾದಿನಿ ಮನೆಯಲ್ಲೇ ಇರಬೇಕಿತ್ತು. ಇದನ್ನು ಹೇಳುವಾಗ ಅಜ್ಜಿ ನಗುತ್ತಿದ್ದರು. ನನಗೆ ಅದರಲ್ಲಿ ನಗು ಎಲ್ಲಿದೆ ಅಂತ ಈಗಲೂ ಗೊತ್ತಾಗುವುದಿಲ್ಲ.

ಹಾಗಾದರೆ ಬೇಲೂರಿನ ಕಲ್ಲಿನ ಹೆಂಗಸರು? ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು ನೋಡಿದವರೆಲ್ಲ ಒಡವೆ ಎಣಿಸುತ್ತಾರೆ. ನಾನು ಬಟ್ಟೆ ಹುಡುಕುತ್ತೇನೆ. ಸಿಗುವುದು ಬಹಳ ಕಡಿಮೆ. ತೊಡೆಯ ಮೇಲೆ ಒಂದು ತೆಳು ಗೆರೆ, ಅದೇ ಅಂಚು. ಕಾಲಿನ ಹತ್ತಿರ ನಾಲ್ಕು ಮಡಿಕೆ. ಒಡವೆಯನ್ನು ಮಾತ್ರ ಬಳಪದ ಕಲ್ಲು ಮೆತ್ತಗಿರುವಾಗಲೇ ಆಳವಾಗಿ ಕೊರೆದಿದ್ದಾರೆ. ಇದನ್ನು ನೋಡಿ ಹೊಯ್ಸಳರ ಕಾಲದಲ್ಲಿ ಹೆಂಗಸರು ಹೀಗೇ ಓಡಾಡುತ್ತಿದ್ದರು ಅನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಶಿಲ್ಪಿಗೆ ತೋರಿಸಬೇಕಿದ್ದದ್ದು ಮೈಯ ಬಳುಕು, ಗದ್ದೆಗೆ ಹೋಗುವವಳ ಉಡುಪಲ್ಲ. ಆ ಕಾಲದ ಊರುಗಳಲ್ಲಿ ಮಗ್ಗದ ಸದ್ದು ಇದ್ದೇ ಇತ್ತು. ಮಗ್ಗಕ್ಕೆ ಹಾಕುತ್ತಿದ್ದ ಮಗ್ಗದೆರೆಯನ್ನು ಹಳೆಯ ಶಾಸನಗಳು ಹೆಸರಿಸುತ್ತವೆ. ತೆರಿಗೆ ಹಾಕುವಷ್ಟು ನೇಯ್ಗೆ ಇದ್ದ ಮೇಲೆ ಉಡುವವರೂ ಇದ್ದರು.

ಆ ಮದನಿಕೆಯರಲ್ಲಿ ನನಗೆ ಇಷ್ಟವಾದವರು ಇಬ್ಬರು. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಇನ್ನೊಬ್ಬಳು ಬಟ್ಟೆ ಕಳಚಿ ಒದರುತ್ತಿದ್ದಾಳೆ, ಕಾಲಬುಡದಲ್ಲಿ ಚೇಳು. ಖಾದಿಗಾಗಿ 1927ರಲ್ಲಿ ಮೈಸೂರು ಸಂಸ್ಥಾನ ಸುತ್ತಿದಾಗ ಗಾಂಧೀಜಿ ಬೇಲೂರಿಗೂ ಬಂದಿದ್ದರು. ಈ ಚೇಳಿನ ಹೆಣ್ಣಿನ ಬಗ್ಗೆ ಆಮೇಲೆ ಮಾತಾಡಿದ್ದಾರೆ. ಅವರ ಕಣ್ಣಿಗೆ ಅವಳು ಕಾಮನ ಬಾಣದಿಂದ ಬಿಡಿಸಿಕೊಳ್ಳಲು ಹೆಣಗುತ್ತಿರುವವಳು, ಚೇಳು ಸೋತು ಬಿದ್ದ ಮನ್ಮಥ. ದೊಡ್ಡವರ ನೋಟ, ಇರಲಿ. ನಮ್ಮ ಮಲೆನಾಡಿನವರಿಗೆ ಅದು ದಿನನಿತ್ಯದ ಕೆಲಸ. ಸೀರೆಯಾಗಲಿ ಕಂಬಳಿಯಾಗಲಿ ಎರಡು ಸಲ ಒದರದೆ ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಶಿಲ್ಪಿ ಯಾರೋ ಮನೆಯಲ್ಲಿ ಕಂಡದ್ದನ್ನೇ ಕೆತ್ತಿರಬಹುದು ಅನ್ನುವ ಅನುಮಾನ ನನ್ನದು.

ಅದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಹತ್ತನೇ ಶತಮಾನದ ಕೊನೆಯಿಂದ ಸುಮಾರು 57 ಅಡಿಯ ಗೊಮ್ಮಟ ಬಟ್ಟೆಯೇ ಇಲ್ಲದೆ ನಿಂತಿದ್ದಾನೆ. ಮೈಮೇಲೆ ಬಳ್ಳಿ ಮಾತ್ರ. ಬಟ್ಟೆ ಬಿಡುವುದು ತ್ಯಾಗ ಅನ್ನಿಸಬೇಕಾದರೆ ಮೊದಲು ಬಟ್ಟೆಗೆ ಬೆಲೆ ಇರಬೇಕು, ಅಲ್ವಾ?

ಮನುಷ್ಯ ಬಟ್ಟೆ ಹಾಕಲು ಶುರು ಮಾಡಿದ್ದು ಯಾವಾಗ ಅನ್ನುವುದಕ್ಕೆ ವಿಜ್ಞಾನಿಗಳು ಹೇನಿನ ಮೊರೆ ಹೋಗಿದ್ದಾರೆ. ಬಟ್ಟೆಯಲ್ಲಿ ಬದುಕುವ ಹೇನು ತಲೆಹೇನಿನಿಂದ ಕವಲೊಡೆದದ್ದು ಯಾವಾಗ ಅಂತ ವಂಶವಾಹಿ ನೋಡಿ ಲೆಕ್ಕ ಹಾಕಿದರು. 2011ರ ಅಧ್ಯಯನದ ಪ್ರಕಾರ ಅದು 1,70,000 ವರ್ಷದಷ್ಟು ಹಿಂದಿರಬಹುದು. ಅವೆಲ್ಲ ತೊಗಲಿನ ಕಾಲ. ಹತ್ತಿಯಲ್ಲಿ ನಮ್ಮ ಉಪಖಂಡದವರು ಹಳಬರು. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಕೆಂಪು ಬಣ್ಣದ ಹತ್ತಿ ಬಟ್ಟೆಯ ಚೂರು ಸಿಕ್ಕಿತು. ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಹೊಲಿದ ಬಟ್ಟೆ ನಮಗೆ ಮುಸ್ಲಿಂ ದೊರೆಗಳ ಕಾಲದಲ್ಲಿ ಬಂತು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಮಥುರೆಯಲ್ಲಿ ಸಿಕ್ಕ ಕುಷಾಣರ ಕನಿಷ್ಕನ ಮೂರ್ತಿ ಉದ್ದ ಕೋಟು, ಬೂಟು ಹಾಕಿ ನಿಂತಿದೆ, ಅದೂ ಸುಮಾರು ಎರಡನೇ ಶತಮಾನದಲ್ಲಿ. ಹೊಲಿಗೆ ಗೊತ್ತಿದ್ದೂ ಜನ ಹೊಲಿಯದೆ ಉಟ್ಟರು. ಉಟ್ಟ ಬಟ್ಟೆಗೆ ಅಳತೆಯ ಹಂಗಿಲ್ಲ, ದಪ್ಪಗಾದರೂ ಸಣ್ಣಗಾದರೂ ಅದೇ ಆಗುತ್ತದೆ. ನಮ್ಮ ಮಲೆನಾಡ ಹೆಂಗಸರ ಗೊಬ್ಬೆ ಸೀರೆಯನ್ನೇ ನೋಡಿ. ಭುಜದ ಮೇಲೆ ಒಂದು ಗಂಟು, ಅಷ್ಟೇ. ಸೆರಗು ಜಾರುವ ಚಿಂತೆ ಇಲ್ಲದೆ ಗದ್ದೆ ಕೆಲಸ ಸಾಗುತ್ತಿತ್ತು.

ಇನ್ನು ಗೋಣಿ. ಕಾಫಿ ತೋಟ ಬಂದ ಮೇಲೆ ನಮ್ಮ ಕಡೆ ಮಳೆಯ ಬಟ್ಟೆ ಬದಲಾಯಿತು. ಕಲ್ಕತ್ತಾದ ಹತ್ತಿರ ರಿಶ್ರಾದಲ್ಲಿ 1855ರಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಮುಂದೆ ಬಂಗಾಳದ ಸೆಣಬು ಇಡೀ ಪ್ರಪಂಚದ ಕಾಳುಕಡ್ಡಿ ಹೊತ್ತಿತು. ಕಾಫಿಗೆ ಗಾಳಿಯಾಡುವ ಚೀಲವೇ ಬೇಕು, ಹಾಗಾಗಿ ತೋಟದಲ್ಲಿ ಗೋಣಿ ರಾಶಿ ಬಿದ್ದಿರುತ್ತಿತ್ತು. ಕಂಬಳಿ ಕೊಳ್ಳಲಾಗದ ಕೂಲಿಯವರು ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆಗೆ ಹಾಕಿಕೊಂಡರು. ಅದೇ ಗೋಣಿಕೊಪ್ಪೆ. ನೀರು ಕುಡಿದರೆ ಕಲ್ಲಿನ ಭಾರ, ಕುತ್ತಿಗೆಯೆಲ್ಲ ತುರಿಕೆ, ಬೆಚ್ಚಗಂತೂ ಇಲ್ಲ. ಕಂಬಳಿಗೆ ಬದಲಾಗಿ ಗೋಣಿ ಬಂದದ್ದು ಮುಂದುವರಿದದ್ದಲ್ಲ, ಹಿಂದಕ್ಕೆ ಬಿದ್ದದ್ದು. ತೋಟದ ಕಾಫಿ ಬೆಚ್ಚಗೆ ಗೋದಾಮಿನಲ್ಲಿತ್ತು, ಅದರ ಚೀಲ ಮಳೆಯಲ್ಲಿ ನೆನೆಯುತ್ತಿತ್ತು.

ತೋಟದ ಲೆಕ್ಕ ಬರೆಯುವ ರೈಟರಿಗೆ ಮಾತ್ರ ಖಾಕಿ ಚಡ್ಡಿ. ಖಾಕಿಯ ಕತೆಗೂ ನಮ್ಮ ಘಟ್ಟದ ಕೆಳಗೆ ಒಂದು ಕೊಂಡಿ ಇದೆ. 1850ರ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬಾತ ಖಾಕಿ ಬಣ್ಣ ತಯಾರಿಸಿದ ಅಂತ ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಅದಕ್ಕೂ ಮುಂಚೆ, 1840ರ ದಶಕದಲ್ಲೇ, ವಾಯವ್ಯ ಗಡಿಯ ಸೈನಿಕರು ಮಣ್ಣು ಬಣ್ಣದ ಬಟ್ಟೆ ಹಾಕುತ್ತಿದ್ದರು. ಏನೇ ಇರಲಿ, ಕೆಸರು ಕಾಣದ ಬಣ್ಣ ತೋಟಕ್ಕೆ ಒಗ್ಗಿತು.

ಆಮೇಲೆ ಬಂತು ಪ್ಲಾಸ್ಟಿಕ್. ಗೊಬ್ಬರದ ಚೀಲದ ಕೊಪ್ಪೆ, ನಂತರ ಹಾಳೆಯ ಹಾಗೆ ಕತ್ತರಿಸಿ ಮಾರುವ ನೀಲಿ ಪ್ಲಾಸ್ಟಿಕ್, ಈಗ ರೈನ್‌ಕೋಟ್. ಅದರ ಜೊತೆಜೊತೆಗೇ ಟೆರಿಲಿನ್, ಟೆರಿಕಾಟ್. ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ನೂಲು ನಮ್ಮ ಊರಿನ ದರ್ಜಿಯ ಅಂಗಡಿಗೆ ಬರುವಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. ಮದುವೆಗೆ ಟೆರಿಕಾಟ್ ಪ್ಯಾಂಟು ಹೊಲಿಸಿಕೊಂಡವನಿಗೆ ಊರಲ್ಲಿ ಗತ್ತೇ ಬೇರೆ.

ಪೇಟೆಯ ಗೆಳೆಯರು ಪಾಲಿಯೆಸ್ಟರ್ ಅಂದರೆ ಮೂಗು ಮುರಿಯುತ್ತಾರೆ. ಬೆವರು ಹೀರುವುದಿಲ್ಲ, ಮಣ್ಣಲ್ಲಿ ಕರಗುವುದಿಲ್ಲ, ಒಗೆದಾಗ ಸಣ್ಣ ಪ್ಲಾಸ್ಟಿಕ್ ಎಳೆ ನೀರಿಗೆ ಸೇರುತ್ತದೆ. ಎಲ್ಲ ನಿಜ. ಆದರೆ ಅವರು ಮೂಡಿಗೆರೆಯ ಜುಲೈ ನೋಡಿಲ್ಲ. ಪಾಲಿಯೆಸ್ಟರ್ ಹಿಡಿಯುವ ತೇವ ಅದರ ತೂಕದ ಶೇ. 0.4 ಮಾತ್ರ. ರಾತ್ರಿ ಒಗೆದು ಒಲೆ ಮೇಲಿನ ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ಎರಡೇ ಜೊತೆ ಬಟ್ಟೆ ಇದ್ದ ಕೂಲಿ ಹೆಂಗಸಿಗೆ ಇಂಥದೇ ಬೇಗ ಒಣಗುವ ನೈಲಾನ್ ಸೀರೆ ಮೊದಲ ಸಲ ಒಣ ಬಟ್ಟೆ ಉಟ್ಟು ಕೆಲಸಕ್ಕೆ ಹೋಗುವ ಸುಖ ಕೊಟ್ಟಿತು. ಆ ಸುಖವನ್ನು ಖಾದಿ ಕೊಟ್ಟಿರಲಿಲ್ಲ. ಕೈಮಗ್ಗದ ಸೀರೆ ಉಟ್ಟು ಕಾರಿನಲ್ಲಿ ಓಡಾಡುವವರು ಇದನ್ನು ಬೈಯುವ ಮುಂಚೆ ಸ್ವಲ್ಪ ಯೋಚಿಸಿದರೆ ಒಳ್ಳೆಯದು.

ಈಗ ಪ್ರಪಂಚದಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್. ಹತ್ತಿ ಐದರಲ್ಲಿ ಒಂದು ಪಾಲು. ಉಣ್ಣೆ ಶೇ. 1ರ ಆಸುಪಾಸು. ಹಾಸನದ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಸುತ್ತಲಿನ ಹಳ್ಳಿಗಳಿಂದ ಬಸ್ಸು ತುಂಬ ಹೆಣ್ಣುಮಕ್ಕಳು ಬರುತ್ತಾರೆ. ಅಲ್ಲಿ ಹತ್ತಿಯಿಂದ ನೂಲು, ನೂಲಿನಿಂದ ಬೆಡ್‌ಶೀಟು ಆಗಿ ಅಮೆರಿಕಕ್ಕೆ ಹೋಗುತ್ತದೆ. ನೂರು ಗಂಟೆಯ ಕೆಲಸವಾಗಿದ್ದ ನೂಲು ಅಲ್ಲಿ ನಿಮಿಷಗಳ ಮಾತು. ಹೊಲಿಗೆ ಮಾತ್ರ ಈಗಲೂ ಕೈಯನ್ನೇ ಕೇಳುತ್ತದೆ, ಮೆಷಿನ್ ಮುಂದೆ ಕೂರುವವರಲ್ಲಿ ಹೆಚ್ಚಿನವರು ಈಗಲೂ ಹೆಂಗಸರೇ.

ಕಂಬಳಿಯ ಕತೆ ಇನ್ನೊಂದು ಕಡೆ ತಿರುಗಿದೆ. ಕುರಿಯನ್ನು ಈಗ ಸಾಕುವುದು ಮಾಂಸಕ್ಕೆ. ಉಣ್ಣೆ ಇಲ್ಲದ, ಬೇಗ ಬೆಳೆಯುವ ನೆಲ್ಲೂರು ತಳಿಯ ಜೊತೆ ಬೆರಕೆ ಮಾಡಿ ಮಾಡಿ ಕರಿ ಉಣ್ಣೆಯ ದಖ್ಖನಿ ಕುರಿ ಕಡಿಮೆಯಾಗುತ್ತಿದೆ. ಕತ್ತರಿಸಿದ ಉಣ್ಣೆಗೆ ಬರುವ ದುಡ್ಡು ಕತ್ತರಿಸಿದ ಕೂಲಿಗೂ ಸಾಲುವುದಿಲ್ಲ. ಸಂತೆಯಲ್ಲಿ ಪಾಣಿಪತ್ತಿನ ರಗ್ಗು ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಎಷ್ಟೋ ರಗ್ಗುಗಳು ಹೊರದೇಶದವರು ಬಿಸಾಡಿದ ಸ್ವೆಟರ್, ಕೋಟುಗಳನ್ನು ಹರಿದು ಮತ್ತೆ ನೂಲು ಮಾಡಿ ನೇಯ್ದವು. ನಮ್ಮಜ್ಜಿ ಇದನ್ನು ಕೇಳಿದ್ದರೆ ಮೆಚ್ಚುತ್ತಿದ್ದರು ಅಂತಲೇ ನನ್ನ ನಂಬಿಕೆ. ಹಳೇ ಬಟ್ಟೆಗೆ ಇನ್ನೊಂದು ಜನ್ಮ ಕೊಡುವವರ ಬಗ್ಗೆ ಅವರಿಗೆ ಗೌರವ ಜಾಸ್ತಿ.

ಇಷ್ಟು ಓದಿ ಯಾರಾದರೂ ಕರಿ ಕಂಬಳಿ ಕೊಳ್ಳುವ ಮನಸ್ಸು ಮಾಡಿದರೆ ಒಂದು ಮಾತು. ವಾಷಿಂಗ್ ಮೆಷಿನ್‌ಗೆ ಮಾತ್ರ ಹಾಕಬೇಡಿ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಅರ್ಧಕ್ಕೆ ಕುಗ್ಗಿಬಿಡುತ್ತದೆ. ಮತ್ತೆ ಹಿಗ್ಗುವುದಿಲ್ಲ. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಧೂಳು ತೆಗೆದರೆ ಸಾಕು. ತೊಳೆಯಲೇಬೇಕಾದರೆ ತಣ್ಣೀರಲ್ಲಿ ಅದ್ದಿ, ಹಿಂಡದೆ ಹರವಿ. ಹೊಸದರಲ್ಲಿ ಗಡಸಾಗಿಯೇ ಇರುತ್ತದೆ, ಚುಚ್ಚುತ್ತದೆ ಕೂಡ. ಒಂದು ಮಳೆಗಾಲ ಹೊದ್ದರೆ ಸ್ವಲ್ಪ ಮೆತ್ತಗಾಗುತ್ತದೆ. ಮತ್ತೆ, ಹೊದೆಯುವ ಮುಂಚೆ ಎರಡು ಸಲ ಒದರಿ.